ಎಡಬಲ ನೋಡದೆ

ಮಾತ್ರೆಯ ಡಬ್ಬಿ ಓದಲು ಬರದೆ ಒಮ್ಮೆ ಅತ್ತೆಗೆ ಬೆಳಗಿನದನ್ನು ಸಂಜೆ, ಸಂಜೆಯದನ್ನು ಬೆಳಿಗ್ಗೆ ಕೊಟ್ಟುಬಿಟ್ಟಿದ್ದೆ. ಏನೂ ಆಗಲಿಲ್ಲ. ಆದರೆ ಆ ದಿನದ ಹೆದರಿಕೆಯೇ ನನ್ನನ್ನು ನಲವತ್ತೇಳನೆಯ ವಯಸ್ಸಿನಲ್ಲಿ ಇಂಗ್ಲಿಷಿಗೆ ಕೂರಿಸಿತು. ಚಿತ್ರದುರ್ಗದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಗಳು ತನ್ನ ಹಳೆಯ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದರೊಳಗೆ ಒಬ್ಬ ಹೆಂಗಸು ಪದ ಹೇಳುತ್ತಾಳೆ, ನಾವು ತಿರುಗಿ ಹೇಳಬೇಕು. ಸರಿಯಾದರೆ ಗಂಟೆ ಬಾರಿಸುತ್ತದೆ. ತಪ್ಪಾದರೆ ಒಂಚೂರೂ ಬೇಸರವಿಲ್ಲದೆ ಅದನ್ನೇ ಮತ್ತೆ ಹೇಳುತ್ತಾಳೆ. ಹಿರಿಯೂರಿನ ನಮ್ಮ ಮನೆಗೆ ಅಷ್ಟು ತಾಳ್ಮೆಯ ಹೆಂಗಸು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ.

ಈ ಸಲ ಮುಂಗಾರಿಗೆ ಮುಂಚೆ ಅತ್ತೆ ಊಟ ಬಿಟ್ಟರು. ಜ್ವರವಿಲ್ಲ, ನೋವಿಲ್ಲ. ಗಂಜಿಯ ಚಮಚ ಹತ್ತಿರ ಬಂದರೆ ತುಟಿ ಬಿಗಿದುಕೊಳ್ಳುವುದು. ಮಾತೂ ನಿಂತಿತು. ಹತ್ತನೆಯ ದಿನ, ಗುರುವಾರ, ಡಾಕ್ಟರು ಬಂದು ನೋಡಿ, "ಸೋಮವಾರದ ತನಕ ಕಾಯ್ರಿ. ಬಾಯಲ್ಲಿ ತಗಳ್ಳಿಲ್ಲಾಂದ್ರೆ ಮೂಗಿಗೆ ನಳಿಗೆ ಹಾಕಬೇಕಾಗ್ತೈತೆ" ಅಂದರು. ನನ್ನ ತಾಯಿಗೆ ಹಾಗೆ ನಳಿಗೆ ಹಾಕಿದ್ದನ್ನು ಕಂಡವಳು ನಾನು. ಕೊನೆಗೆ ಅದನ್ನು ಕಿತ್ತುಕೊಳ್ಳದಂತೆ ಅವರ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಯಿತು. ಸೋಮವಾರದೊಳಗೆ ಅತ್ತೆಯ ಬಾಯಿ ತೆರೆಸಲೇಬೇಕು ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಗಂಜಿ ಆರಲಿಟ್ಟು, ಅವರ ಪಕ್ಕ ಸುಮ್ಮನೆ ಕೂರಲಾಗದೆ ಪಾಠ ತೆರೆದೆ. ಅವತ್ತಿನ ಪಾಠ ಮುಂದಿನ ಕಾಲದ ಊಟದ್ದು. ಮೊದಲ ಪದ ಸಸ್ಟೇನಬಲ್. ಕೆಳಗೆ 'ಸುಸ್ಥಿರ' ಎಂದಿತ್ತು. ಇಂಗ್ಲಿಷಿನಷ್ಟೇ ಕನ್ನಡವೂ ನನಗೆ ದೂರವಾಯಿತು. ಆಮೇಲೆ ಪ್ರೋಟೀನ್, ಲಾರ್ವಾ. ಕ್ರಿಕೆಟ್ ಎಂದರೆ ಚಿಮ್ಮಂಡೆ ಹುಳವಂತೆ, ಅದನ್ನು ಹುರಿದು ತಿನ್ನುತ್ತಾರಂತೆ. ನಾನು ಆಟವೆಂದುಕೊಂಡು ಮುಂದೆ ಹೋಗಿದ್ದೆ. ಐದನೆಯದು ಎಡಿಬಲ್, ತಿನ್ನಬಹುದಾದದ್ದು. ನನ್ನ ಬಾಯಲ್ಲಿ ಅದು 'ಎಡಬಲ' ಎಂದೇ ಬರುತ್ತಿತ್ತು. ಫೋನಿನವಳು ಮತ್ತೆ ಹೇಳಿದಳು. ನಾನೂ ಮತ್ತೆ ಎಡಬಲ ಎಂದೆ. ಹೀಗೆ ಆರೇಳು ಸಲ ಆಗಿರಬೇಕು.

"ನೋಡಲ್ಲ ಬಿಡವ್ವಾ."

ಹನ್ನೊಂದು ದಿನದ ಮೇಲೆ ಕೇಳಿದ ಅತ್ತೆಯ ದನಿ. ಅದೂ ಮುದುಕಿಯ ದನಿಯಲ್ಲ, ಬೈಸಿಕೊಂಡ ಸಣ್ಣ ಹುಡುಗಿಯದರಂತಿತ್ತು. ಕತ್ತು ನೆಟ್ಟಗೆ ಮಾಡಿ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. "ಅತ್ತೆಮ್ಮಾ, ಯಾರ್ ಜೊತೆ ಮಾತಾಡ್ತಿದೀರಿ?" ಎಂದು ಎಡಕ್ಕೆ ಬಂದು ಕೇಳಿದೆ. ತಿರುಗಲಿಲ್ಲ. ಬಲಕ್ಕೆ ಹೋದೆ. ಕಣ್ಣುಗುಡ್ಡೆ ಸಹ ಅಲ್ಲಾಡಲಿಲ್ಲ.

ಆಗ ಹಳೆಯ ಮಾತು ನೆನಪಾಯಿತು. ಅತ್ತೆ ಧರ್ಮಪುರದ ಕಡೆಯವರು, ಕುರಿ ಕಾಯ್ದ ಮನೆತನ. ಮೊದಲ ಮಳೆ ಬಿದ್ದಾಗ ಅವರವ್ವ ಹುತ್ತಕ್ಕೆ ಕಂಬಳಿ ಮುಚ್ಚಿ, ಕಡ್ಡಿಯಿಂದ ನೆಲ ಬಡಿದು ಮಳೆಯ ಸದ್ದು ಮಾಡುತ್ತಿದ್ದಳಂತೆ. ಮಳೆ ಬಂತೆಂದು ನಂಬಿ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಎದ್ದು ಬಂದು ಮಡಕೆಗೆ ಬೀಳುತ್ತಿದ್ದವಂತೆ, ಅವನ್ನು ಹುರಿದು ತಿನ್ನುತ್ತಿದ್ದರಂತೆ. ಮೊದಲ ಬೊಗಸೆಯನ್ನು ಹುತ್ತಕ್ಕೇ ಬಿಡಬೇಕು. ಒಂದು ಹುತ್ತವನ್ನು ವರ್ಷಕ್ಕೆ ಎರಡು ಸಲ ಮುಟ್ಟಬಾರದು. ಕಂಬಳಿಯ ಅಂಚು ಹಿಡಿದು ಕುಂತ ಮಗಳಿಗೆ ಅವ್ವ ಹೇಳುತ್ತಿದ್ದದ್ದು ಒಂದೇ ಮಾತು, "ಎಡಬಲ ನೋಡಬ್ಯಾಡ." ನೋಡಿದರೆ ಏನಾಗುತ್ತೆ ಎಂದು ನಾನು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಹುತ್ತ ಖಾಲಿಯಾದ್ರೆ ಹಿಂದೆ ಬಂದು ಕುಂತ್ಕಂತೈತೆ" ಅಂದಿದ್ದರು. ಏನು ಕುಂತ್ಕಂತೈತೆ ಎಂದು ಕೇಳಿದರೆ ಅಕ್ಕಿ ಆರಿಸತೊಡಗಿದ್ದರು.

ಫೋನು ಆರಿಸಿದೆ. ನೋಟ್‌ಬುಕ್ಕಿನಲ್ಲಿ ಸಸ್ಟೇನಬಲ್ ಮುಂದೆ 'ಹುತ್ತಕ್ಕೆ ಬಿಟ್ಟದ್ದು' ಎಂದು ಬರೆದೆ.

ಶನಿವಾರ ಮಧ್ಯಾಹ್ನ ಹಿತ್ತಲ ತಗಡಿನ ಮೇಲೆ ಹನಿ ಬಿದ್ದ ಸದ್ದಾಯಿತು. ಬಟ್ಟೆ ತೆಗೆಯಲು ಓಡಿದೆ. ಬಿಸಿಲು ಸುಡುತ್ತಿತ್ತು. ಬಟ್ಟೆಯೂ ನೆಲವೂ ಗರಿಗರಿ ಒಣಗಿದ್ದವು. ಸದ್ದು ಮಾತ್ರ ನಿಂತಿರಲಿಲ್ಲ. ಒಳಗೆ ಬಂದು ನೋಡಿದರೆ ಅತ್ತೆ ಉಗುರಿನಿಂದ ಮಂಚದ ಹಲಗೆ ಬಡಿಯುತ್ತಿದ್ದರು. ಕಣ್ಣು ಗೋಡೆಯ ಮೇಲೆ. ಕೈ ಹಿಡಿದುಕೊಂಡೆ, ತಣ್ಣಗಿತ್ತು. ಬಿಟ್ಟೊಡನೆ ಮತ್ತೆ ಬಡಿತ.

ಅದೇ ಸಂಜೆ ನಿಜವಾದ ಮಳೆ ಬಂತು. ನಿಂತ ಮೇಲೆ ಹಿತ್ತಲ ಗೋಡೆಯ ಬಿರುಕಿನಿಂದ ಈಸಲು ಎದ್ದವು. ಮೂವತ್ತು ವರ್ಷದಿಂದ ನಾನು ಬಳಿದು ಸಾರಿಸಿದ ಗೋಡೆ, ಅದರೊಳಗೆ ಇಷ್ಟೊಂದು ಜೀವವಿತ್ತೆಂದು ಗೊತ್ತಿರಲಿಲ್ಲ. ದೀಪದ ಕೆಳಗೆ ನೀರಿನ ಪರಾತ ಇಟ್ಟೆ. ಮೊದಲ ಬೊಗಸೆಯನ್ನು ಬಿರುಕಿನ ಬುಡಕ್ಕೆ ಸುರಿದೆ. ಉಳಿದವನ್ನು ಸೋಸಿ, ಎಣ್ಣೆಯಿಲ್ಲದೆ ಬಾಣಲೆಯಲ್ಲಿ ಹುರಿದು, ಮೊರದಲ್ಲಿ ತಿಕ್ಕಿ ರೆಕ್ಕೆ ಹಾರಿಸಿದೆ. ಹುರಿದ ಶೇಂಗಾದ ವಾಸನೆ ಬಂತು.

ಮಗಳು ಮೂಗು ಮುಚ್ಚಿಕೊಂಡಳು. "ಅಮ್ಮಾ, ಅಜ್ಜಿಗೆ ಹುಳ ತಿನ್ನಿಸ್ತೀಯಾ? ತಲೆ ಕೆಟ್ಟೈತಾ?"

"ನಿನ್ನ ಫೋನಿನವಳೇ ಹೇಳಿದ್ದು, ತಿನ್ನಬಹುದಂತೆ."

"ಅವಳು ಹೇಳಿದ್ದು ಫಾರಿನ್ ಹುಳ. ನಮ್ಮ ಹಿತ್ತಲಿನದಲ್ಲ!"

ಭಾನುವಾರ ಅವನ್ನು ಹುರಿಗಡಲೆ, ಬೆಲ್ಲದ ಜೊತೆ ನುಣ್ಣಗೆ ಕುಟ್ಟಿ, ಹಾಲಿನಲ್ಲಿ ಕಲಸಿ ತಂದೆ. ಅತ್ತೆಯ ಮೂಗಿನ ಹೊಳ್ಳೆ ಅರಳಿತು. ತುಟಿ ತೆರೆಯಲಿಲ್ಲ. "ಅವ್ವ ಹೇಳ್ಲಿ" ಅಂದರು.

ಅವ್ವ ಎಂದರೆ ಫೋನಿನವಳೆಂದು ನನಗೂ ಮಗಳಿಗೂ ಒಟ್ಟಿಗೇ ಅರ್ಥವಾಯಿತು. ಮಗಳು ಫೋನು ಒತ್ತಿದಳು. ಆ ಹೆಂಗಸು ಅದೇ ತಾಳ್ಮೆಯಿಂದ, ಎಡಿಬಲ್, ಎಂದಳು. ಅತ್ತೆ ಬಾಯಿ ತೆರೆದರು. ನಾಲ್ಕು ಚಮಚ ಇಳಿಯಿತು. "ಹುತ್ತಕ್ಕೆ ಬಿಟ್ಯಾ?" ಅಂದರು. "ಬಿಟ್ಟೆ" ಅಂದೆ. ಇನ್ನೆರಡು ತಿಂದರು.

ಸೋಮವಾರ ಡಾಕ್ಟರು ಬಂದು ನೋಡಿ, ನಳಿಗೆ ಬೇಡವೆಂದು ಹೋದರು. ಈಗ ಅತ್ತೆ ಗಂಜಿಯನ್ನೂ ತಿನ್ನುತ್ತಾರೆ, ಮೆತ್ತನೆಯ ಮುದ್ದೆಯನ್ನೂ ನುಂಗುತ್ತಾರೆ. ಆದರೆ ಪ್ರತಿ ಹೊತ್ತಿಗೂ ಆ ಪದ ಬೇಕು. ನಾನು ಮುಂದಿನ ಪಾಠಕ್ಕೆ ಹೋಗಿಲ್ಲ.

ನಿನ್ನೆ ಫೋನು ಕೆಟ್ಟಿತು. ಮಗಳು ರಿಪೇರಿಗೆಂದು ಚಿತ್ರದುರ್ಗಕ್ಕೆ ತಗೊಂಡು ಹೋದಳು. ಮಧ್ಯಾಹ್ನ ಗಂಜಿ ಹಿಡಿದು ಕುಂತೆ, ಬೆನ್ನು ಅಡುಗೆಮನೆಯ ಬಾಗಿಲಿಗೆ. ಅತ್ತೆ ಕಾಯುತ್ತಿದ್ದರು. ಬೇರೆ ದಾರಿಯಿಲ್ಲದೆ ನಾನೇ ಹೇಳಿದೆ. ಬಂದದ್ದು ಎಡಬಲ ಎಂದೇ. ಆದರೆ ಆ ದನಿ ನನ್ನದರಂತಿರಲಿಲ್ಲ, ತಾಳ್ಮೆಯದಾಗಿತ್ತು.

ಅತ್ತೆ ಬಾಯಿ ತೆರೆದರು. ನುಂಗಿ, ಮೊದಲ ಸಲ ಗೋಡೆಯಿಂದ ಕಣ್ಣು ತೆಗೆದು ನನ್ನ ಭುಜದಾಚೆಗೆ ನೋಡಿದರು.

"ನೀನೂ ನೋಡಬ್ಯಾಡ" ಅಂದರು.

ನಮ್ಮ ಮನೆಯಲ್ಲಿ ಕಂಬಳಿಯಿಲ್ಲ. ಆದರೂ ನೆಂದ ಕಂಬಳಿಯ ವಾಸನೆ ಬೆನ್ನ ಹಿಂದಿನಿಂದ ಬರುತ್ತಿತ್ತು. ಬಟ್ಟಲಲ್ಲಿ ಇನ್ನೂ ಅರ್ಧ ಗಂಜಿ ಉಳಿದಿತ್ತು. ನಾನು ಚಮಚವನ್ನೇ ನೋಡುತ್ತ, ಬಟ್ಟಲು ಖಾಲಿಯಾಗುವವರೆಗೆ ತಿನ್ನಿಸಿದೆ.