ಪೂಜೆಗೆ ಕುಳಿತ ವರ್ಕ್‌ಬುಕ್ಕುಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಇದು ಯಾರಿಗೂ ಗುಟ್ಟಲ್ಲ. ಸಂಜೆ ನಾನು ಮಗಳ ವರ್ಕ್‌ಬುಕ್ ತೆರೆದೆನೆಂದರೆ ಎದುರುಮನೆಯವರು ಧಾರಾವಾಹಿಯ ಸದ್ದು ತಗ್ಗಿಸುತ್ತಿದ್ದರು. ಅದಕ್ಕಿಂತ ಇದೇ ಚೆನ್ನಾಗಿತ್ತಂತೆ.

ಮಗಳು ಎರಡನೇ ಕ್ಲಾಸು. ಅಕ್ಷರ ಬಿಡಿಬಿಡಿಯಾಗಿ ಬರುತ್ತಿತ್ತು. ಕೂಡಿಸಿ ಓದು ಅಂದರೆ ಬಾಯಿಗೆ ಬೀಗ. ದಸರಾ ರಜೆಗೆ ಮುಂಚೆ ಅವಳ ಮಿಸ್ಸು, "ರಜೆ ಮುಗಿದ ದಿನ ಒಂದು ಪುಟ ಓದಿಸ್ತೀನಿ. ಬರದಿದ್ರೆ ಒಂದನೇ ಕ್ಲಾಸಲ್ಲಿ ಕೂರಬೇಕು" ಅಂದುಬಿಟ್ಟರು. ಒಂದನೇ ಕ್ಲಾಸಿನಲ್ಲಿ ಅವಳ ತಮ್ಮನೇ ಇದ್ದಾನೆ! ಆ ಪುಟ್ಟ ರಾಕ್ಷಸ ಅವತ್ತೇ, "ಅಕ್ಕಾ, ನನ್ ಪಕ್ಕ ಜಾಗ ಇಟ್ಟಿರ್ತೀನಿ ಕಣೆ" ಅಂದ. ಅವಳು ಊಟವನ್ನೇ ಬಿಟ್ಟಳು.

ಮೂರು ವರ್ಕ್‌ಬುಕ್ ತಂದೆ. ಅವಳು ಪದದ ಪಕ್ಕದ ಚಿತ್ರ ನೋಡಿ ಓದುತ್ತಿದ್ದಳು. ಚಿತ್ರವನ್ನು ಕೈಯಲ್ಲಿ ಮುಚ್ಚಿದೆ. ಆಗ ನನ್ನ ಮುಖ ನೋಡಿ ಓದಲು ಶುರುಮಾಡಿದಳು. "ಮನೆ?" ಅನ್ನುವಳು, ನನ್ನ ಹುಬ್ಬು ಗಂಟಾದರೆ "ಮರ?" ಅನ್ನುವಳು, ನಾನು ಹಲ್ಲು ಕಚ್ಚಿದರೆ "ಮೊಲ!" ದಿನಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ನವರಾತ್ರಿಯ ಮೊದಲ ದಿನ ಪುಸ್ತಕಗಳೇ ಮಾಯ. ಮನೆಯೆಲ್ಲ ಜಾಲಾಡಿದೆ. ಕೊನೆಗೆ ನೋಡಿದರೆ ದೇವರಕೋಣೆಯಲ್ಲಿ ಮೂರೂ ಒಂದರ ಮೇಲೊಂದು ಕೂತಿವೆ, ಅರಿಶಿನ ಕುಂಕುಮ, ಸೇವಂತಿಗೆ ಸಮೇತ! ಸರಸ್ವತಿ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ಕಳ್ಳಿಗೆ ಅದು ಗೊತ್ತಿತ್ತು. ನಾನು ಕೈ ಹಾಕಿದ್ದೇ ತಡ, ಅತ್ತೆ ಓಡಿಬಂದರು.

"ಅಯ್ಯೋ, ಮುಟ್ಬ್ಯಾಡ ಕಣವ್ವ! ಪೂಜೆಗಿಕ್ಕಿದ್ದ ಎತ್ತಾರಾ?"

"ಪುಸ್ತಕ ಇಡೋಕೆ ಇನ್ನೂ ಆರು ದಿನ ಇದೆಯಲ್ಲ ಅತ್ತೆ!"

"ಇರ್ಲಿ ಬುಡು. ಮಗ ಭಕ್ತಿಯಿಂದ ಇಕ್ಕವ್ಳೆ. ಈಗ ಎತ್ತುದ್ರೆ ಇದ್ಯೆ ಅತ್ತಲ್ಲ, ನೋಡ್ಕೊ."

ಭಕ್ತೆ ಕೈಮುಗಿದು ಕಣ್ಣು ಮುಚ್ಚಿ ನಿಂತಿದ್ದಳು. ಒಂದು ಕಣ್ಣು ಮಾತ್ರ ತೆರೆದು ನನ್ನನ್ನೇ ನೋಡುತ್ತಿತ್ತು. ಪಿತ್ತ ನೆತ್ತಿಗೇರಿತು. ಆದರೆ ಅತ್ತೆಯನ್ನೂ ಸರಸ್ವತಿಯನ್ನೂ ಒಟ್ಟಿಗೆ ಎದುರು ಹಾಕಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಹಾಗಾಗಿ ಪಾಠ ನಿಂತಿತು. ಎರಡು ದಿನದ ಮೇಲೆ ಹೊಳೆನರಸೀಪುರದ ತಂಗಿಮನೆಗೆ ಹೊರಟೆವು. ಬಸ್‌ಸ್ಟ್ಯಾಂಡಿನಲ್ಲಿ ಜನವೋ ಜನ. ಬಂದ ಬಸ್ಸಿಗೆ ನುಗ್ಗಿ, ಬ್ಯಾಗು ತೂರಿಸಿ ಸೀಟು ಹಿಡಿದೆ. ಮಗಳು ಕೆಳಗೇ ನಿಂತಿದ್ದಳು.

"ಹತ್ತೇ ಬೇಗ!"

ಅವಳು ಬೋರ್ಡಿನ ಮೇಲೆ ಕಣ್ಣು ನೆಟ್ಟು, ತುಟಿ ಅಲ್ಲಾಡಿಸುತ್ತಾ ನಿಂತಳು. ಆಮೇಲೆ, "ಅಮ್ಮಾ, ಇಳಿ. ಇದು ನುಗ್ಗೇಹಳ್ಳಿಗೆ ಹೋಗೋದು" ಅಂದಳು.

ಬಸ್ಸೆಲ್ಲ ನಕ್ಕಿತು. ಇಳಿದುಬಂದು ಅವಳನ್ನು ಅಪ್ಪಿಕೊಂಡೆ. "ಮನೇಲಿ ಯಾಕೆ ಹೀಗೆ ಓದಲ್ಲ ನೀನು?"

"ಮನೇಲಿ ನಾನು ಬಾಯಿ ಬಿಡೋ ಮುಂಚೆ ನೀನೇ ಕಿರುಚ್ತೀಯ."

ಅವಮಾನವೂ ಆಯಿತು, ಅಳುವೂ ಬಂತು. ಮಿಕ್ಕ ರಜೆಯೆಲ್ಲ ಅವಳು ಅಂಗಡಿ ಬೋರ್ಡು, ಬಿಸ್ಕತ್ ಪೊಟ್ಟಣ ಓದಿದಳು. ನಾನು ಬಾಯಲ್ಲಿ ಅಡಿಕೆ ಹಾಕಿಕೊಂಡು ಸುಮ್ಮನಿರುವುದನ್ನು ಕಲಿತೆ.

ರಜೆ ಮುಗಿದ ದಿನ ಕ್ಲಾಸಿನ ಕಿಟಕಿಯ ಹೊರಗೆ ನಿಂತೆ. ಮಿಸ್ಸು ಪುಟ ತೆರೆದುಕೊಟ್ಟರು. ಎರಡು ಸಾಲು ಸಲೀಸಾಗಿ ಹೋಯಿತು. ಮೂರನೆಯದರಲ್ಲಿ ನಿಂತಳು. ನಿಂತೇ ಇದ್ದಳು. ತಡೆಯಲಾಗದೆ ಬಾಯಿ ತೆರೆದೇಬಿಟ್ಟೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

"ಮಿಸ್, ನನಗೆ ಬರುತ್ತೆ," ಅಂದಳು. "ನಮ್ಮಮ್ಮನ್ನ ಗೇಟ್ ಹತ್ರ ಕಳ್ಸಿ."

ನಾನೇ ಹೋದೆ. ಗೇಟಿಗೆ ಬೆನ್ನು ಕೊಟ್ಟು ನಿಂತೆ. ಅವಳ ದನಿ ಅಲ್ಲಿಯವರೆಗೂ ಕೇಳಿಸುತ್ತಿತ್ತು, ಪುಟದ ಕೊನೆಯವರೆಗೂ.