ಒಂದು ಕಣ್ಣಿನ ಗಿಣಿ

ಸಂಕ್ರಾಂತಿಯ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚುಗಳು ನಮ್ಮ ಮನೆಯಲ್ಲಿ ಒಂದು ಚೀಲದ ತುಂಬ ಇದ್ದವು. ಅಮ್ಮನಿಗೆ ಕುಣಿಗಲ್ಲಿನ ತವರಿನಿಂದ ಬಂದದ್ದು. ಗೋಪುರ, ಮೀನು, ಆನೆ, ಗಿಣಿ, ಒಂದೊಂದಕ್ಕೂ ಎರಡೆರಡು ಹೋಳು. ಅವನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ದಾರ ಸುತ್ತಿ, ಮೇಲಿನ ತೂತಿನಿಂದ ಪಾಕ ಹುಯ್ಯಬೇಕು. ಆಗ ನಾವು ಗುಬ್ಬಿಯಲ್ಲಿದ್ದೆವು. ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು.

ಗಿಣಿಗೆ ಕಣ್ಣಿರಲಿಲ್ಲ. ಕೊಕ್ಕಿತ್ತು, ರೆಕ್ಕೆಯ ಗೆರೆಗಳಿದ್ದವು, ಬಾಲವಿತ್ತು. ಕೆತ್ತಿದವನು ಕಣ್ಣನ್ನೇ ಮರೆತಿದ್ದ. ನಾನು ಹುಟ್ಟಾ ಅಧಿಕಪ್ರಸಂಗಿ, ಸುಮ್ಮನಿರಲು ಆಗಲಿಲ್ಲ. ಅಕ್ಕನ ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದುಕೊಂಡು ಹಿತ್ತಲಿನಲ್ಲಿ ಕೂತು, ಒಂದು ಹೋಳಿನಲ್ಲಿ ಸಾಸಿವೆ ಕಾಳಿನಷ್ಟು ಗುಳಿ ತೋಡಿದೆ. ಇನ್ನೊಂದು ಹೋಳಿಗೆ ಕೈ ಹಾಕಿದಾಗ ಕೈವಾರದ ಮೊನೆ ಮುರಿಯಿತು. ಕೈವಾರವನ್ನು ಬಾಕ್ಸಿಗೆ, ಗಿಣಿಯನ್ನು ಚೀಲಕ್ಕೆ ಸೇರಿಸಿ ಏನೂ ಗೊತ್ತಿಲ್ಲದವಳ ಹಾಗೆ ಇದ್ದುಬಿಟ್ಟೆ.

ಅಚ್ಚು ನೆನೆಸುವ ದಿನ ಅಮ್ಮ ಕಂಡುಹಿಡಿದಳು. ತನ್ನ ಅಜ್ಜಿಯ ಕಾಲದ ಅಚ್ಚು, ಸಿಟ್ಟು ನೆತ್ತಿಗೇರಿತ್ತು.

"ಯಾರೇ ಇದನ್ನ ಹಿಂಗ್ ಮಾಡಿದ್ದು?"

"ಅಕ್ಕ" ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂತು. ಮುರಿದ ಕೈವಾರ ಅಕ್ಕನ ಬಾಕ್ಸಿನಲ್ಲೇ ಸಿಕ್ಕಿತು. ಇನ್ನು ಸಾಕ್ಷಿ ಯಾಕೆ ಬೇಕು? ಅಕ್ಕ ಸ್ಕೂಲಿನಿಂದ ಬಂದು ಬ್ಯಾಗು ಇಳಿಸುವ ಮೊದಲೇ ಸೌಟಿನ ಹಿಡಿಯಿಂದ ನಾಲ್ಕು ಏಟು ಬಿದ್ದವು. ಅವಳು ನನ್ನ ಕಡೆ ಒಂದು ಸಲ ನೋಡಿದಳು. ಬಾಯಿ ಬಿಡಲಿಲ್ಲ.

ಏಟಿನಷ್ಟಕ್ಕೇ ಮುಗಿಯಲಿಲ್ಲ. ಆ ವರ್ಷ ಅಕ್ಕ ಎಳ್ಳು ಬೀರಲು ಹೋಗಕೂಡದು ಎಂದಾಯಿತು. ಹಬ್ಬದ ಸಂಜೆ ನಾನೊಬ್ಬಳೇ ಹೊಸ ಲಂಗ ಉಟ್ಟು, ತಟ್ಟೆ ಹಿಡಿದು, ಅಮ್ಮನ ಜೊತೆ ಬೀದಿಗಿಳಿದೆ. ತಿರುಗಿ ನೋಡಿದರೆ ಅಕ್ಕ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಅವಳೂ ಹೊಸ ಲಂಗ ಉಟ್ಟಿದ್ದಳು. ವಾಪಸ್ಸು ಬಂದ ಮೇಲೆ, ತಟ್ಟೆಯಲ್ಲಿ ಉಳಿದಿದ್ದ ಗಿಣಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ತೋಡಿದ ಗುಳಿ ಸಕ್ಕರೆಯಲ್ಲಿ ಉಬ್ಬಿಕೊಂಡು ಬಂದು ಥೇಟ್ ಕಣ್ಣಾಗಿತ್ತು.

"ಚೆನ್ನಾಗ್ ಬಂದೈತೆ ಕಣೇ" ಅಂದಳು. "ಇನ್ನೊಂದ್ ಕಡೇನೂ ಮಾಡು. ಪಾಪ, ಆ ಕಡೆ ಏನೂ ಕಾಣಲ್ಲ ಅದಕ್ಕೆ."

ಅವಳು ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಆ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ತಲೆಗೆ ಏರಿದೆ ಅಂದರು. ತುಮಕೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು, ಐದನೆಯ ದಿನ ಇರಲಿಲ್ಲ. ಒಂದು ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಅಚ್ಚಿನ ಚೀಲವನ್ನು ಕಂಡರೇ ಅಮ್ಮ ಎದ್ದು ಆಚೆ ಹೋಗಿಬಿಡುತ್ತಿದ್ದಳು. ಕೊನೆಗೆ ಅದನ್ನು ಪೇಟೆಯ ಮಿಠಾಯಿ ಅಂಗಡಿಯ ಯಜಮಾನರ ಮುಂದೆ ಇಟ್ಟು, "ನೀವೇ ಇಟ್ಕೊಳಿ" ಎಂದು ಹೇಳಿ ಬಂದಳು. ಅಪ್ಪ ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದರು. ನಾವು ಗುಬ್ಬಿ ಬಿಟ್ಟೆವು.

ಗಿಣಿ ಮಾತ್ರ ನನ್ನನ್ನು ಬಿಡಲಿಲ್ಲ. ಬಟವಾಡಿಯಲ್ಲಿ ಮೂರನೆಯ ಸಂಕ್ರಾಂತಿ ಇರಬೇಕು, ಪಕ್ಕದ ಮನೆಯವರು ಎಳ್ಳು ತಂದುಕೊಟ್ಟರು. ಅವರ ನೆಂಟರು ಗುಬ್ಬಿಯವರು. ಎಳ್ಳಿನ ಮೇಲೆ ಮಲಗಿದ್ದ ಗಿಣಿ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿತ್ತು. ಅಮ್ಮ ಒಳಗಿನಿಂದ ಬರುವ ಮೊದಲೇ ಅದನ್ನು ಎತ್ತಿ ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟೆ. ತಿನ್ನಲು ಧೈರ್ಯವಿಲ್ಲ, ಎಸೆಯಲೂ ಧೈರ್ಯವಿಲ್ಲ. ಟ್ರಂಕಿನೊಳಗೆ ಬಟ್ಟೆಯ ಅಡಿ ಇಟ್ಟೆ. ವಾರ ಕಳೆದು ನೋಡಿದರೆ ಇರುವೆ ಮುತ್ತಿ ಕೊಕ್ಕು, ಬಾಲ ಎಲ್ಲ ಕರಗಿಹೋಗಿತ್ತು. ಕಣ್ಣು ಹಾಗೇ ಇತ್ತು. ಅಲ್ಲಿಂದ ಮುಂದೆ ಯಾರ ಮನೆಯ ಎಳ್ಳು ಬಂದರೂ ಮೊದಲು ನಾನೇ ಓಡಿಹೋಗಿ ತಡಕುತ್ತಿದ್ದೆ. ಎಂಥ ಹೊಟ್ಟೆಬಾಕಿ ಇವಳು ಎಂದು ಎಲ್ಲರೂ ನಗುತ್ತಿದ್ದರು.

ನನ್ನ ಮದುವೆಯಾಗಿ ಮಗಳಿಗೆ ನಾಲ್ಕು ವರ್ಷವಾದಾಗ, ಗುಬ್ಬಿಯ ಆ ಅಂಗಡಿಯಲ್ಲಿ ಹಬ್ಬದ ವಾರ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಅಚ್ಚು ಹುಯ್ದು ತೋರಿಸುತ್ತಾರೆ ಎಂದು ಅಪ್ಪ ಕೇಳಿಕೊಂಡು ಬಂದರು. ಮಗಳು ಹೋಗಲೇಬೇಕು ಎಂದು ಹಟ ಹಿಡಿದಳು. ಬಿಸಿಲು, ಬಸ್ಸು ರಶ್ಶು, ಕೆಮ್ಮು ಎಂದು ನಾನು ನೂರೆಂಟು ನೆಪ ಹೇಳಿದೆ. ಅಮ್ಮ ಬಿಡಲಿಲ್ಲ. "ನಡಿಯೇ, ಮಗೀಗೆ ತೋರ್ಸೋಣ. ನಂಗೂ ಒಂದ್ಸಲ ನೋಡ್ಬೇಕು" ಅಂದಳು. ಏನನ್ನು ಎಂದು ನಾನು ಕೇಳಲಿಲ್ಲ.

ಅಂಗಡಿ ಹಾಗೇ ಇತ್ತು. ಯಜಮಾನರು ಮಾತ್ರ ಮುದುಕರಾಗಿದ್ದರು. ಜಗಲಿಯ ಮೇಲೆ ಒಲೆ, ಮುಂದೆ ಚಾಪೆ, ಚಾಪೆಯ ಮೇಲೆ ಏಳೆಂಟು ಮಕ್ಕಳು. ಅಪ್ಪ ಹೊರಗೆ ಬೇವಿನ ಮರದ ಕೆಳಗೇ ನಿಂತರು. ಯಜಮಾನರು ಕುದಿಯುವ ಸಕ್ಕರೆ ನೀರಿಗೆ ಚೂರು ಹಾಲು ಬಿಟ್ಟರು, ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂತು. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಪುಟ್ಟ ಪಾತ್ರೆಯಲ್ಲಿ ಮತ್ತೆ ಕಾಯಿಸಿ, ಪಾಕ ಬೆಳ್ಳಗೆ ತಿರುಗುವವರೆಗೆ ತಿರುವಿ ತಿರುವಿ ಅಚ್ಚುಗಳಿಗೆ ಹುಯ್ದರು. "ಈಗ ಯಾರೂ ಅಲ್ಲಾಡ್ಬಾರ್ದು. ಅಲ್ಲಾಡುದ್ರೆ ಆನೆ ಸೊಂಡ್ಲು ಮುರ್ಕೊಂತದೆ" ಅಂದರು. ಮಕ್ಕಳು ಉಸಿರು ಹಿಡಿದು ಕೂತವು. ನಾನೂ ಉಸಿರು ಹಿಡಿದಿದ್ದೆ.

ದಾರ ಬಿಚ್ಚಿ ಮೊದಲ ಹೋಳು ತೆಗೆದರು. ನನ್ನ ಮಗಳ ಅಂಗೈಗೆ ಬಿದ್ದದ್ದು ಗಿಣಿ.

"ಅಜ್ಜಿ, ಕಣ್ಣು!" ಎಂದು ಅವಳು ಕೂಗಿದಳು.

"ಮಕ್ಳೆಲ್ಲ ಇದನ್ನೇ ಕೇಳ್ತವೆ ತಾಯಿ. ಒಂದ್ ಕಣ್ಣಿನ್ ಗಿಣಿ ಕೊಡಿ ಅಂತವೆ" ಎಂದರು ಯಜಮಾನರು.

ಅಮ್ಮ ಗಿಣಿಯನ್ನು ಮುಟ್ಟಲಿಲ್ಲ. ಖಾಲಿ ಹೋಳನ್ನು ಕೈಗೆ ತೆಗೆದುಕೊಂಡು, ಆ ಗುಳಿಯ ಮೇಲೆ ಕಿರುಬೆರಳಿಟ್ಟಳು.

"ನನ್ ದೊಡ್ ಮಗ್ಳು ಕೆತ್ತಿದ್ದು ಇದು. ಇದುಕ್ಕೇ ಹೊಡ್ದೆ ಅವ್ಳುನ್ನ. ಮನೇಲೇ ಬುಟ್ಟು ಹೋದೆ. ಅದೇ ಅವಳ ಕೊನೇ ಸಂಕ್ರಾಂತಿ ಅಂತ ನಂಗೇನ್ ಗೊತ್ತಿತ್ತು?"

ಮಕ್ಕಳು ಪಿಳಿಪಿಳಿ ನೋಡುತ್ತಿದ್ದವು. ಅಮ್ಮ ನನ್ನ ಕಡೆ ತಿರುಗಿದಳು. ಆ ದೃಷ್ಟಿಯನ್ನು ನಾನು ಮೊದಲೂ ಕಂಡಿದ್ದೆ, ಬ್ಯಾಗು ಇಳಿಸದೆ ನಿಂತಿದ್ದ ಅಕ್ಕನ ಮುಖದಲ್ಲಿ.

"ನೀನಾ ಅಂತ ಒಂದ್ ಮಾತು ಅವ್ಳುನ್ನ ಕೇಳ್ಲೇ ಇಲ್ಲ ಕಣೇ ನಾನು. ಅವ್ಳೇ ಅಲ್ವಾ ಮಾಡಿದ್ದು?"

ಹದಿನೆಂಟು ವರ್ಷ ನಾನು ಕಾದಿದ್ದ ಪ್ರಶ್ನೆ. ನಿಜ ಹೇಳಿದರೆ ನಾನು ಹಗುರಾಗುತ್ತಿದ್ದೆ. ಆದರೆ ಅಮ್ಮ ಏನೂ ಮಾಡದ ಮಗಳನ್ನು ಹೊಡೆದವಳಾಗುತ್ತಿದ್ದಳು, ಅದನ್ನು ಹೊತ್ತುಕೊಂಡೇ ಸಾಯುತ್ತಿದ್ದಳು.

"ಹೂಂ ಅಮ್ಮ. ಅಕ್ಕನೇ" ಅಂದೆ.

ಮೊದಲ ಸಲ ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲು. ಎರಡನೆಯದು ಅಮ್ಮನಿಗಾಗಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪೂರ್ತಿ ನಂಬಿಕೆ ಇವತ್ತಿಗೂ ಬಂದಿಲ್ಲ. ಹೊರಗೆ ಮರದ ಕೆಳಗಿದ್ದ ಅಪ್ಪ ಕರ್ಚೀಫು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದರು.

ಯಜಮಾನರು ಗಿಣಿಯ ಎರಡು ಹೋಳನ್ನೂ ಪೇಪರಿನಲ್ಲಿ ಸುತ್ತಿ ಅಮ್ಮನಿಗೇ ಕೊಟ್ಟುಬಿಟ್ಟರು. ಬಸ್ಸಿನಲ್ಲಿ ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಮಗಳಿಗೆ ಅಕ್ಕನ ಕತೆ ಹೇಳುತ್ತಾ ಬಂದಳು. ಎಷ್ಟೋ ವರ್ಷದ ಮೇಲೆ ಅಮ್ಮ ಅವಳ ಮಾತೆತ್ತಿದ್ದು. ಒಂದೆರಡು ಸಲ ನಕ್ಕಳು ಕೂಡ. "ನಿಮ್ ದೊಡ್ಡಮ್ಮನ ಕೈ ಕೆಲ್ಸ ಹೆಂಗೈತೆ ನೋಡು" ಅಂದಳು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ.

ಈಗ ಗಿಣಿ ಅಚ್ಚು ಬಟವಾಡಿಯ ಮನೆಯಲ್ಲಿ, ಅಕ್ಕನ ಫೋಟೋದ ಪಕ್ಕದಲ್ಲಿದೆ. ಸಂಕ್ರಾಂತಿಗೆ ಅಮ್ಮ ಅದೊಂದರಲ್ಲೇ ಪಾಕ ಹುಯ್ಯುತ್ತಾಳೆ. ಮೊದಲ ಗಿಣಿಯನ್ನು ಫೋಟೋದ ಮುಂದೆ ಇಡುತ್ತಾಳೆ. ದೀಪ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಅದನ್ನು ತಂದು ನನ್ನ ಕೈಗೇ ಕೊಡುತ್ತಾಳೆ. ಮಗಳು ಕೇಳಿದರೂ ಕೊಡುವುದಿಲ್ಲ.

"ಅಕ್ಕನ್ ಪಾಲು ತಂಗೀಗೇ ಸೇರ್ಬೇಕು. ತಿನ್ನು" ಅನ್ನುತ್ತಾಳೆ.

ತಿನ್ನುತ್ತೇನೆ. ಪೂರ್ತಿ ಮುಗಿಯುವವರೆಗೆ ಅಮ್ಮ ಎದುರಿಗೇ ನಿಂತಿರುತ್ತಾಳೆ.