ನಾಲ್ಕನೇ ಮಹಡಿಯಲ್ಲಿ ಒಬ್ಬರು ಕಡಿಮೆ

ಆ ವಿಮಾ ಕಚೇರಿಯ ನಾಲ್ಕನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ಫೈಲಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ದಾಖಲೆ ಕೋಣೆ ಅವಳ ಕೈಯಲ್ಲಿತ್ತು. ಯಾವ ಫೈಲು ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಕಂಪ್ಯೂಟರು ಬಂದ ಮೇಲೂ ಸಾಹೇಬರು ಮೊದಲು ಅವಳನ್ನು ಕೇಳಿ ಆಮೇಲೆ ಪರದೆ ನೋಡುತ್ತಿದ್ದರು. ಇದರ ಜೊತೆಗೆ ಅವಳಿಗೆ ಇನ್ನೊಂದು ಪದವಿಯೂ ಇತ್ತು. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ‘ಮಹಡಿಯ ವಾರ್ಡನ್’ ಎಂಬ ಕೆಂಪು ಫಲಕ, ಅದರ ಕೆಳಗೆ ಅವಳ ಹೆಸರು. ಬೆಂಕಿಯೋ ಹೊಗೆಯೋ, ಏನೇ ಆದರೂ ಆ ಮಹಡಿಯ ಇಪ್ಪತ್ತನಾಲ್ಕು ಜನರನ್ನು ಕೆಳಗಿಳಿಸಬೇಕಾದವಳು ಅವಳು. ಅವಳು ವಾರ್ಡನ್ ಆದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಏನೂ ಆಗಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಕರವಸ್ತ್ರದಿಂದ ಫಲಕದ ಧೂಳು ಒರೆಸಿಯೇ ಅವಳು ಕೋಣೆಗೆ ಹೋಗುತ್ತಿದ್ದಳು.

ಅದೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಅವಳ ಓರಗಿತ್ತಿ ಕೂರುತ್ತಿದ್ದಳು. ಗಂಡನ ತಮ್ಮನ ಹೆಂಡತಿ. ಮೂರು ವರ್ಷದ ಹಿಂದೆ ಸಾಹೇಬರ ಕೈಕಾಲು ಹಿಡಿದು ಆ ಕೆಲಸ ಕೊಡಿಸಿದವಳು ಫೈಲಕ್ಕನೇ. ಇಬ್ಬರ ಸಂಸಾರವೂ ಒಂದೇ ಮನೆಯಲ್ಲಿ. ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಒಂದೇ ಡಬ್ಬಿಯ ಊಟ ಹಂಚಿಕೊಳ್ಳುತ್ತಿದ್ದರು. “ಒಡಹುಟ್ಟಿದವರೂ ಇಷ್ಟು ಹೊಂದಿಕೊಂಡಿರಲ್ಲ ಬಿಡಿ” ಎಂದು ಲಿಫ್ಟಿನವನು ಹೇಳಿದಾಗಲೆಲ್ಲ ಫೈಲಕ್ಕ ಬೀಗುತ್ತಿದ್ದಳು.

ಆ ವರ್ಷ ಆಡಳಿತದವರು ಎಲ್ಲ ಮಹಡಿಯವರಿಗೂ ಹೊಸದಾಗಿ ತರಬೇತಿ ಕೊಡಿಸಿದರು. ಕಲಿಸಲು ಬಂದವರು ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಎಡಹುಬ್ಬು ಅರ್ಧ ಸುಟ್ಟುಹೋಗಿತ್ತು. ಹಾಗಾಗಿ ಅವರು ಏನು ಹೇಳಿದರೂ ಜನ ನಂಬುತ್ತಿದ್ದರು. ಎಲ್ಲರಿಗೂ ಅವರು ಮೇಷ್ಟ್ರಾದರು. ಮೊದಲ ದಿನ ಬರೀ ಪಾಠ. ಮುಚ್ಚಿದ ಬಾಗಿಲನ್ನು ಅಂಗೈಯಿಂದ ಮುಟ್ಟಬಾರದು, ಕೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು. ಲಿಫ್ಟಿನ ಹತ್ತಿರ ಸುಳಿಯಬಾರದು. ಕೆಳಗಿಳಿದ ಮೇಲೆ ತಲೆ ಎಣಿಸಬೇಕು. ಯಾರಾದರೂ ಕಡಿಮೆ ಬಿದ್ದರೆ ಹುಡುಕಿಕೊಂಡು ವಾಪಸ್ ಓಡಬಾರದು, ಎಲ್ಲಿರಬಹುದೆಂದು ದಳದವರಿಗೆ ಹೇಳಬೇಕು. ಪ್ರಶ್ನೆ ಕೇಳಿದಾಗಲೆಲ್ಲ ಫೈಲಕ್ಕನ ಕೈಯೇ ಮೊದಲು ಮೇಲೇಳುತ್ತಿತ್ತು. ಓರಗಿತ್ತಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಬರೆದುಕೊಳ್ಳುತ್ತಿದ್ದಳು.

ಎರಡನೇ ದಿನ ಪ್ರಯೋಗ. ಒಬ್ಬೊಬ್ಬರೂ ಒಂದೊಂದು ಸಲ ವಾರ್ಡನ್ ಆಗಿ ಮಹಡಿ ಖಾಲಿ ಮಾಡಿಸಬೇಕು. ಗಂಟೆ ಹೊಡೆದೊಡನೆ ಫೈಲಕ್ಕ ಎದ್ದಳು, ಎಲ್ಲರನ್ನೂ ಎಬ್ಬಿಸಿದಳು. ಹೊರಡುವ ಮುಂಚೆ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ದಾಖಲೆ ಕೋಣೆಯ ಮೂರು ಕಪಾಟಿಗೂ ಬೀಗ ಹಾಕಿ, ಎಳೆದು ನೋಡಿದಳು. ಮೇಷ್ಟ್ರು ಗಡಿಯಾರ ತೋರಿಸಿದರು. “ಬೀಗಕ್ಕೇ ನಲವತ್ತು ಸೆಕೆಂಡ್ ಆಯ್ತಮ್ಮ. ಅಷ್ಟರಲ್ಲಿ ನಿಮ್ಮ ಹಿಂದಿರೋರು ಕೆಮ್ಮೋಕೆ ಶುರು ಮಾಡಿರ್ತಾರೆ.”

ಓರಗಿತ್ತಿಯ ಸರದಿ ಬಂದಾಗ ಅವಳು ಶೌಚಾಲಯದ ಬಾಗಿಲುಗಳನ್ನೂ ಒಂದೊಂದಾಗಿ ಬಡಿದು, ತಳ್ಳಿ ನೋಡಿದಳು. ಒಳಗೆ ಕಿವಿ ಮಂದವಾದ ಗುಡಿಸುವ ಅಜ್ಜಿ ನೆಲ ಒರೆಸುತ್ತಿದ್ದಳು. ಅಲ್ಲಿಯವರೆಗೆ ಯಾರಿಗೂ ಆ ಅಜ್ಜಿಯ ನೆನಪೇ ಆಗಿರಲಿಲ್ಲ. ಅವಳ ಕೈ ಹಿಡಿದುಕೊಂಡು ಓರಗಿತ್ತಿ ಕೆಳಗಿಳಿದಾಗ ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಮರುವಾರ ಫಲಕದ ಕೆಳಗಿನ ಹೆಸರು ಬದಲಾಯಿತು.

ಫೈಲಕ್ಕ ನಗುತ್ತಲೇ “ಒಳ್ಳೇದಾಯ್ತು ಕಣೇ” ಅಂದಳು. ಆದರೆ ಆ ರಾತ್ರಿ ಊಟ ಸೇರಲಿಲ್ಲ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅವಳ ಸ್ವಂತ ಮಗಳೇ ವಾರ್ಡನ್‌ನ ಹಳದಿ ಜಾಕೆಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತು, “ಚಿಕ್ಕಮ್ಮ, ಸೀಟಿ ಊದ್ಲಾ?” ಅಂದಳು. ಆ ಜಾಕೆಟ್ ಹನ್ನೊಂದು ವರ್ಷ ಅಮ್ಮನ ಕಪಾಟಿನಲ್ಲೇ ಇದ್ದಾಗ ಈ ಹುಡುಗಿ ಒಮ್ಮೆಯೂ ಮುಟ್ಟಿರಲಿಲ್ಲ. ಗಂಡ ಗಾಯಕ್ಕೆ ಉಪ್ಪು ಸವರಿದ: “ಇನ್ಮೇಲೆ ನೀನು ಒಲೆ ಹಚ್ಚೋಕೂ ಅವಳ ಪರ್ಮಿಷನ್ ತಗೋಬೇಕು ನೋಡು.” ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಹೆಚ್ಚು ಅನ್ನುತ್ತಾರಲ್ಲ, ಆ ಕೊಂಬನ್ನು ತಾನೇ ಕೈಯಾರೆ ತಂದು ನೆಟ್ಟೆನಲ್ಲ ಎಂದು ಫೈಲಕ್ಕ ಒಳಗೊಳಗೇ ಕುದಿದಳು. ಬಸ್ಸಿನಲ್ಲಿ ತಲೆನೋವೆಂದು ಬೇರೆ ಸೀಟಿನಲ್ಲಿ ಕೂರತೊಡಗಿದಳು. ಓರಗಿತ್ತಿ ನಡೆಯುವ ರೀತಿ, ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳುವ ರೀತಿ, ಎಲ್ಲವೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ದಾಖಲೆ ಕೋಣೆಯ ಕಿಟಕಿಯಿಂದ ನೋಡಿದಾಗ ಹಿತ್ತಲ ಗೇಟಿನ ಹತ್ತಿರ ಮೇಷ್ಟ್ರ ಸ್ಕೂಟರ್ ಕಂಡಿತು. ಹೇಳದೇ ಕೇಳದೇ ಪರೀಕ್ಷೆ ಮಾಡಲು ಬಂದಿದ್ದಾರೆ ಎಂದು ಫೈಲಕ್ಕನಿಗೆ ಹೊಳೆಯಿತು. ಗಂಟೆ ಬಾರಿಸಿದಾಗ ಅವಳು ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳು. ಅಲ್ಲಿಂದಲೇ ಹಿಂತಿರುಗಿದಳು. ಕೊನೆಯ ಕಪಾಟಿನ ಹಿಂದೆ, ಹಳೇ ಪುಸ್ತಕಗಳ ರಾಶಿಯ ಪಕ್ಕ ಒಂದು ಸಂದಿ ಇತ್ತು. ಅಲ್ಲಿ ಹೋಗಿ ನಿಂತಳು. ಎಣಿಕೆಯಲ್ಲಿ ಒಂದು ತಲೆ ಕಡಿಮೆ ಬೀಳಲಿ, ಎಲ್ಲರ ಮುಂದೆ ಓರಗಿತ್ತಿಯ ಮುಖಕ್ಕೆ ಮಂಗಳಾರತಿ ಆಗಲಿ. ಅಷ್ಟೇ ಅವಳ ತಲೆಯಲ್ಲಿದ್ದದ್ದು.

“ಯಾರಾದ್ರೂ ಇದ್ದೀರಾ? ಅಕ್ಕಾ, ಹೊರಟ್ರಾ?” ಓರಗಿತ್ತಿ ಒಳಗೆ ಬಂದು ಎರಡು ಸಲ ಕೂಗಿದಳು. ಫೈಲಕ್ಕ ಉಸಿರು ಬಿಗಿಹಿಡಿದಳು. ಬಾಗಿಲು ಮುಚ್ಚಿದ ಸದ್ದಾಯಿತು.

ಆಮೇಲೆ ಕಾದಳು. ಓರಗಿತ್ತಿ ಗಾಬರಿಯಿಂದ ಓಡಿ ಬರುತ್ತಾಳೆ, ಹಾಗೆ ವಾಪಸ್ ಬಂದ ತಪ್ಪಿಗೆ ಬೈಸಿಕೊಳ್ಳುತ್ತಾಳೆ ಎಂದುಕೊಂಡಿದ್ದಳು. ಐದು ನಿಮಿಷವಾಯಿತು, ಏಳಾಯಿತು. ಇಡೀ ಮಹಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೆಲ್ಲಗೆ ಇನ್ನೊಂದು ಯೋಚನೆ ಬಂತು: ನಿಜವಾಗಿ ಬೆಂಕಿ ಬಿದ್ದಿದ್ದರೂ ಇವಳು ನನ್ನನ್ನು ಬಿಟ್ಟೇ ಹೋಗುತ್ತಿದ್ದಳಾ? ಅಷ್ಟರಲ್ಲಿ ಮೇಷ್ಟ್ರ ಸಹಾಯಕ ನೆಟ್ಟಗೆ ಆ ಸಂದಿಗೇ ಬಂದು ಟಾರ್ಚ್ ಬಿಟ್ಟ. “ಬನ್ನಿ ಅಮ್ಮ, ನಿಮ್ಮ ವಾರ್ಡನ್ ಸರಿಯಾಗೇ ಹೇಳಿದ್ರು.”

ಕೆಳಗೆ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಓರಗಿತ್ತಿ ಹೇಳಿದ್ದನ್ನು ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದರು. “ನೋಡಿ, ವರದಿ ಅಂದ್ರೆ ಹೀಗಿರ್ಬೇಕು. ‘ಒಬ್ಬರು ಕಡಿಮೆ. ದಾಖಲೆ ಕೋಣೆ, ಕೊನೇ ಕಪಾಟಿನ ಹಿಂದಿನ ಸಂದಿ. ಊಟ ಆದ್ಮೇಲೆ ಅಲ್ಲಿ ಹತ್ತು ನಿಮಿಷ ಕಣ್ಣು ಮುಚ್ತಾರೆ.’ ಹೇಳಿ ನಿಂತ ಕಡೆಯೇ ನಿಂತ್ರು. ಓಡಲಿಲ್ಲ.” ಇಡೀ ಸಾಲು ನಕ್ಕಿತು. ಇಷ್ಟು ವರ್ಷ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದ ಮಧ್ಯಾಹ್ನದ ನಿದ್ದೆ ಐದು ಮಹಡಿಗೂ ತಿಳಿದುಹೋಯಿತು. “ಕಣ್ಣು ಹತ್ತಿತ್ತು, ಕೇಳಿಸ್ಲಿಲ್ಲ” ಎಂದು ಫೈಲಕ್ಕ ಸುಳ್ಳು ಹೇಳಿದಳು. ಬೇರೆ ಏನು ಹೇಳಲೂ ದಾರಿಯಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಅವಳಿಗೆ ತಡೆಯಲಾಗಲಿಲ್ಲ. “ನನ್ನ ಬಿಟ್ಟು ಹೋದೆಯಲ್ಲ ನೀನು.”

ತರಕಾರಿ ಹೆಚ್ಚುತ್ತಿದ್ದ ಓರಗಿತ್ತಿಯ ಕೈ ನಿಂತಿತು. “ಅಕ್ಕ, ಮೇಷ್ಟ್ರು ನಗೋವರೆಗೂ ಇದು ಪರೀಕ್ಷೆ ಅಂತ ನನಗೆ ಗೊತ್ತಿರ್ಲಿಲ್ಲ. ಕೂಗಿದಾಗ ಉತ್ತರ ಬರ್ಲಿಲ್ಲ, ನೀವು ಇಳಿದಿರ್ತೀರ ಅಂದ್ಕೊಂಡೆ. ಇಪ್ಪತ್ತಮೂರು ಅಂತ ಎಣಿಸಿದಾಗ ಜೀವ ಬಾಯಿಗೆ ಬಂತು. ಮೇಲೆ ಓಡ್ಬೇಕು ಅಂತ ಕಾಲು ಎಳೀತಿತ್ತು. ಗೇಟಿನ ಕಂಬಿ ಹಿಡ್ಕೊಂಡು ನಿಂತೆ. ನೋಡಿ.” ಅವಳ ಅಂಗೈ ತುಂಬ ತುಕ್ಕಿನ ಗೀರು.

ಫೈಲಕ್ಕ ಆ ಅಂಗೈಯನ್ನೇ ನೋಡಿದಳು. “ನಿದ್ದೆ ಬಂದಿರ್ಲಿಲ್ಲ ಕಣೇ. ಬೇಕಂತಲೇ ನಿಂತಿದ್ದೆ.”

“ಯಾಕೆ?”

“ನಿನಗೆ ಅವಮಾನ ಆಗ್ಲಿ ಅಂತ.”

ಓರಗಿತ್ತಿ ಅಳಲಿಲ್ಲ, ಕ್ಷಮಿಸಲೂ ಇಲ್ಲ. ಚಾಕು ಕೆಳಗಿಟ್ಟು ಎದ್ದು ಹೋದಳು. ಹದಿಮೂರು ದಿನ ಮಾತಿಲ್ಲ. ಡಬ್ಬಿ ಎರಡಾಯಿತು. ಲಿಫ್ಟಿನವನು ಒಬ್ಬರ ಮುಖ ಒಬ್ಬರು ನೋಡದ ಇಬ್ಬರನ್ನೂ ನೋಡಿ, ಏನೂ ಕೇಳದೆ ಗುಂಡಿ ಒತ್ತುತ್ತಿದ್ದ.

ಹದಿನಾಲ್ಕನೇ ದಿನ ಫೈಲಕ್ಕ ಮೇಷ್ಟ್ರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಅವರು ಅರ್ಧ ಹುಬ್ಬು ಏರಿಸಿದರು. “ಹೊಟ್ಟೆಕಿಚ್ಚು ಆರಿಸೋ ಸಿಲಿಂಡರ್ ನನ್ನ ಹತ್ರ ಇಲ್ಲಮ್ಮ. ಮೆಟ್ಟಿಲ ಬಾಗಿಲಲ್ಲಿ ನಿಂತು ಜನರನ್ನ ಇಳಿಸೋಕೆ ಒಬ್ಬರು ಬೇಕು. ಫಲಕದಲ್ಲಿ ಹೆಸರು ಬರಲ್ಲ. ಆಗುತ್ತಾ?” “ಆಗುತ್ತೆ” ಅಂದಳು. ಮನಸ್ಸು ಮಾತ್ರ ಒಪ್ಪಿರಲಿಲ್ಲ. ಅವಳು ಮೇಷ್ಟ್ರ ಮುಂದೆ ತಪ್ಪೊಪ್ಪಿಕೊಂಡದ್ದನ್ನು ಕೇಳಿದ ದಿನ ಓರಗಿತ್ತಿ ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ತನ್ನ ಚೀಲ ತೆಗೆದಳು. ಫೈಲಕ್ಕ ಹೋಗಿ ಕೂತಳು. ಮಾತು ಇನ್ನೂ ಎರಡು ದಿನ ತಡವಾಯಿತು.

ನಾಲ್ಕು ತಿಂಗಳ ಮೇಲೆ ಚಹಾ ಕೋಣೆಯ ವೈರಿಗೆ ನಿಜವಾಗಿಯೇ ಬೆಂಕಿ ಹತ್ತಿತು. ಕಪ್ಪು ಹೊಗೆ ಸೀಲಿಂಗಿಗೆ ಅಂಟಿಕೊಂಡೇ ನಡು ಹಜಾರದವರೆಗೆ ಹರಿದು ಬಂತು. ಓರಗಿತ್ತಿ ಸೀಟಿ ಊದುತ್ತ ಮೂಲೆಮೂಲೆ ಹುಡುಕಿದಳು. ಫೈಲಕ್ಕ ಮೆಟ್ಟಿಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, “ಬಲಗಡೆ ಕಂಬಿ ಹಿಡೀರಿ, ನುಗ್ಗಬೇಡಿ” ಎಂದು ಒಬ್ಬೊಬ್ಬರನ್ನೇ ಇಳಿಸಿದಳು. ಮಂಡಿನೋವಿನ ಅಕೌಂಟೆಂಟರು ಕನ್ನಡಕ ಮರೆತೆನೆಂದು ಅರ್ಧದಿಂದ ತಿರುಗಿದರು. “ನಿಮ್ಮ ಕನ್ನಡಕ ನಾನು ಆಮೇಲೆ ಹುಡುಕಿ ಕೊಡ್ತೀನಿ, ಮೊದಲು ಇಳೀರಿ ಯಜಮಾನ್ರೇ” ಎಂದು ದಬಾಯಿಸಿ ಅವರ ತೋಳು ಹಿಡಿದು ತಿರುಗಿಸಿದಳು. ಕೊನೆಯಲ್ಲಿ ಇಬ್ಬರೂ ಒಟ್ಟಿಗೇ ಇಳಿದರು. ಇಪ್ಪತ್ತನಾಲ್ಕೂ ತಲೆ ಅಂಗಳದಲ್ಲಿದ್ದವು. ದಳದವರು ಬಂದು ಬೆಂಕಿ ಆರಿಸಿದರು; ಸುಟ್ಟದ್ದು ಚಹಾ ಕೋಣೆ ಮಾತ್ರ.

ದೊಡ್ಡ ಸಾಹೇಬರು ಬಂದು ಓರಗಿತ್ತಿಯ ಕೈ ಕುಲುಕಿದರು. ಯಾರೋ ಫೋಟೋ ತೆಗೆದರು. ಫೈಲಕ್ಕ ಮಸಿ ಮೆತ್ತಿದ ತೋಳನ್ನು ಒರೆಸಿಕೊಳ್ಳುತ್ತ ಪಕ್ಕದಲ್ಲೇ ನಿಂತಿದ್ದಳು. ಎದೆಯಲ್ಲಿ ಚುರುಕ್ ಅಂದದ್ದು ಸುಳ್ಳಲ್ಲ. ಆ ಚುರುಕು ಇನ್ನು ಜೀವವಿರುವ ತನಕ ಇರುವಂಥದ್ದು ಎಂದು ಅವಳಿಗೆ ಅರ್ಥವಾಗಿತ್ತು.

ಬಸ್ ನಿಲ್ದಾಣಕ್ಕೆ ನಡೆಯುವಾಗ ಅವಳು ಅಂದಳು, “ಸೀಟಿ ಊದೋದು ಸರಿ, ನಿನ್ನ ಗಂಟಲು ಸಾಲ್ದು. ಹಿಂದಿನ ಸಾಲಿನವರಿಗೆ ಒಂದಕ್ಷರ ಕೇಳಿಸ್ಲಿಲ್ಲ.”

“ಒಂದು ಸಲನಾದ್ರೂ ಹೊಗಳಬಾರ್ದಾ ಅಕ್ಕ?”

“ಹೊಗಳೋಕೆ ಊರು ತುಂಬ ಜನ ಇದ್ದಾರಲ್ಲ” ಎಂದು ಫೈಲಕ್ಕ ಬಿರಬಿರನೆ ಮುಂದೆ ನಡೆದಳು. ನಾಲ್ಕು ಹೆಜ್ಜೆ ಆದ ಮೇಲೆ ಓರಗಿತ್ತಿ ಬರಲಿ ಎಂದು ನಿಂತಳು.